ಕೇಳಿರದ ಪುಟ

ರಾಯದುರ್ಗದಲ್ಲಿ ನಮ್ಮ ಓಣಿಯ ಈಶ್ವರನ ಗುಡಿಯಲ್ಲಿ ಶ್ರಾವಣ ಸೋಮವಾರಗಳಂದು ಹೆಂಗಸರೇ ಪುರಾಣ ಓದುತ್ತಾರೆ. ಅದಕ್ಕೆಂದು ಹೊರಗಿನಿಂದ ಯಾರೂ ಬರುವುದಿಲ್ಲ. ಕಂಬಗಳ ಸುತ್ತ ಸಾಲಾಗಿ ಕೂತು ಒಬ್ಬೊಬ್ಬರು ಒಂದೊಂದು ಪುಟ ಓದಿ ಪುಸ್ತಕವನ್ನು ಪಕ್ಕದವರ ಕೈಗೆ ಕೊಡುತ್ತಾರೆ. ಓದು ಬಾರದವರು ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಮುಂದಿನವರಿಗೆ ದಾಟಿಸುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ. ಹಾಗೆ ಒತ್ತಿಕೊಂಡರೂ ಓದಿದಷ್ಟೇ ಪುಣ್ಯ ಎಂದು ಹಿರಿಯರು ಹೇಳುತ್ತಾರೆ. ನನ್ನ ಅಕ್ಕ ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಹಾಗೆ ಒತ್ತಿಕೊಂಡೇ ದಾಟಿಸಿದವಳು. ಅವಳಿಗೆ ಆ ಪುಣ್ಯ ಸಾಕಾಗಿರಲಿಲ್ಲ. ತನ್ನ ಪಾಲಿನ ಪುಟವನ್ನು ಒಮ್ಮೆ ತಾನೇ ಓದಬೇಕು ಅನ್ನುವುದು ಅವಳ ಆಸೆ. ಬಾಯಿಬಿಟ್ಟು ಅವಳು ನನ್ನನ್ನು ಕೇಳಿದ್ದು ಅದೊಂದನ್ನೇ. ಅದನ್ನು ನಾನು ಕೆಡಿಸಿದೆ.

ನಾವಿಬ್ಬರೂ ಮಡಕಶಿರಾ ಸೀಮೆಯವರು, ಅಗಳಿ ಹತ್ತಿರದ ಒಂದು ಹಳ್ಳಿ. ಆಂಧ್ರದಲ್ಲಿದ್ದರೂ ನಮ್ಮೂರ ಶಾಲೆ ಕನ್ನಡದ್ದು. ನಾನು ಏಳನೆಯ ತರಗತಿಯವರೆಗೆ ಹೋದೆ. ಅಕ್ಕ ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು, ಹಿಪ್ಪುನೇರಳೆ ಸೊಪ್ಪು ಕೊಯ್ದು ಹೆಚ್ಚಿ ಹಾಕಲು ಒಂದು ಕೈ ಬೇಕಿತ್ತು, ಆ ಕೈ ಅವಳದಾಯಿತು. ನಾನು ಪದ್ಯ ಬಾಯಿಪಾಠ ಮಾಡುವಾಗ ಅವಳು ಪಕ್ಕದಲ್ಲೇ ಸೊಪ್ಪು ಹೆಚ್ಚುತ್ತ ಕೂತಿರುತ್ತಿದ್ದಳು. ನಾನು ತಡವರಿಸಿದರೆ ಮುಂದಿನ ಸಾಲು ಅವಳ ಬಾಯಿಂದ ಬರುತ್ತಿತ್ತು. ಒಂದು ಸಲ ಕಿವಿಗೆ ಬಿದ್ದರೆ ಮುಗಿಯಿತು, ಅದು ಅವಳಿಂದ ಹೊರಗೆ ಹೋಗುತ್ತಿರಲಿಲ್ಲ. ನಮ್ಮ ತಾಯಿ ಅದನ್ನು ಹೇಳಿಕೊಂಡು ನಗುತ್ತಿದ್ದಳು. ಹಾಗಿದ್ದರೆ ಇವಳನ್ನೂ ಶಾಲೆಗೆ ಕಳಿಸಬಾರದೇಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೊದಲು ಅಕ್ಕನನ್ನು ರಾಯದುರ್ಗಕ್ಕೆ ಕೊಟ್ಟರು. ಕೆಲವು ವರ್ಷಗಳಾದ ಮೇಲೆ ಅವಳೇ ಮುಂದೆ ನಿಂತು ಗಂಡು ನೋಡಿ ನನ್ನನ್ನೂ ಅದೇ ಓಣಿಗೆ ತಂದುಕೊಂಡಳು. ಇಬ್ಬರೂ ಜೀನ್ಸ್ ಹೊಲಿಯುವ ಒಂದೇ ಕಾರ್ಖಾನೆಗೆ ಹೋಗುತ್ತಿದ್ದೆವು. ನಾನು ಮಿಷನ್ನಿನ ಮೇಲೆ ಜೇಬು ಹೊಲಿಯುತ್ತಿದ್ದೆ, ಅವಳು ಹೊಲಿದು ಬಂದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದಳು. ಭಾವ ತೀರಿಕೊಂಡ ಮೇಲೂ ಅವಳು ಆ ಕೆಲಸ ಬಿಟ್ಟಿರಲಿಲ್ಲ. ಮಗಳನ್ನು ನಮ್ಮ ತವರೂರಿಗೇ ಕೊಟ್ಟು ಮನೆಯಲ್ಲಿ ಒಬ್ಬಳೇ ಇದ್ದಳು.

ದೊಡ್ಡವರಿಗೆ ಓದು ಕಲಿಸುವ ಸಂಜೆಯ ತರಗತಿ ನಮ್ಮ ಓಣಿಗೂ ಬಂದದ್ದು ಆಗಲೇ. ಅದನ್ನು ನೋಡಿಕೊಳ್ಳುವ ಮೇಡಂ ಅನಂತಪುರದ ಕಡೆಯವರು, ತೆಲುಗು ಬಿಟ್ಟು ಬೇರೆ ಮಾತು ಅಷ್ಟಾಗಿ ಬಾರದವರು. ಹೇಳಿಕೊಡಲು ಓಣಿಯಲ್ಲೇ ಒಬ್ಬರು ಬೇಕೆಂದು ಹುಡುಕುತ್ತಿದ್ದಾಗ ಯಾರೋ ನನ್ನ ಮನೆ ತೋರಿಸಿದರು. ಮೇಡಂ ತೆಲುಗು ಪುಸ್ತಕ ಬಿಡಿಸಿ ಓದು ಎಂದರು. ಶಾಲೆಯಲ್ಲಿ ನಾನು ಕಲಿತ ತೆಲುಗು ಅಷ್ಟಕ್ಕಷ್ಟೇ. ಆದರೆ ಕನ್ನಡ ಓದುವವರಿಗೆ ತೆಲುಗು ಅಕ್ಷರ ಏನು ಮಹಾ, ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರು ನೋಡಿ ನೋಡಿಯೇ ಬಂದುಬಿಡುತ್ತದೆ. ಗಡಗಡ ಓದಿದೆ. "ಚಾಲಮ್ಮಾ, ಚಾಲು" ಎಂದು ಮೇಡಂ ಅರ್ಧಕ್ಕೇ ನಿಲ್ಲಿಸಿ ಸಾಕು ಅಂದರು. ಓದಿದ್ದರ ಅರ್ಥ ಕೇಳಲಿಲ್ಲ. ಕೇಳಿದ್ದರೆ ನಾನು ತಡವರಿಸುತ್ತಿದ್ದೆ, ಏಕೆಂದರೆ ನಾವಾಡುವುದು ಸಂತೆಯ ತೆಲುಗು, ಅದರಲ್ಲಿದ್ದದ್ದು ಪುಸ್ತಕದ ತೆಲುಗು. ಹೀಗೆ ನಾನು ಟೀಚರಮ್ಮ ಆದೆ.

ಸುದ್ದಿ ತಿಳಿದ ದಿನವೇ ಅಕ್ಕ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಲೇ, ನಂದೂ ಹೆಸ್ರು ಸೇರಿಸ್ಕ."

"ನಿಂಗ್ಯಾಕಕ್ಕ ಈ ವಯಸ್ನಾಗೆ?"

"ನಂಗೇನು ವಯಸ್ಸಾಗೈತೆ? ಶ್ರಾವಣ ಬತ್ತೈತೆ. ಈ ಸಲ ನನ್ ಪುಟ ನಾನೇ ಓದ್ಬೇಕು ಕಣೇ. ಬರೀ ಕಣ್ಣಿಗೊತ್ಕಂಡು ಒತ್ಕಂಡು ಸಾಕಾಗೈತೆ."

"ಅದು ಕನ್ನಡ, ಇವರು ಹೇಳ್ಕೊಡಾಕೆ ಹೇಳಿರೋದು ತೆಲುಗು."

"ಎರಡೂ ಒಂದೇ ಥರ ಸುತ್ಕಂಡಿರ್ತಾವೆ ಅಂತ ನೀನೇ ಹೇಳ್ತಿದ್ದೆ. ಅದು ಬಂದ್ರೆ ಇದು ಬರಲ್ವಾ?"

"ಬತ್ತೈತೆ" ಅಂದೆ. ಅವಳಿಗೆ ಬೇಕಾಗಿದ್ದದ್ದು ಕನ್ನಡ. ಅದನ್ನು ನಾನು ಮನೆಯಲ್ಲೇ ಕೂರಿಸಿಕೊಂಡು ಹೇಳಿಕೊಡಬಹುದಿತ್ತು. ಆದರೆ ಮೇಡಂ ಕೇಳಿದಷ್ಟು ಹೆಂಗಸರು ನನಗೆ ಸಿಕ್ಕಿರಲಿಲ್ಲ, ಒಂದು ಹೆಸರು ಹೆಚ್ಚಾಗಲಿ ಎಂದು ಅವಳನ್ನೂ ತೆಲುಗಿನ ಸಾಲಿನಲ್ಲೇ ಕೂರಿಸಿದೆ.

ಓಣಿಯ ಶಾಲೆಯ ಜಗುಲಿಯಲ್ಲಿ, ಬೆಳಕಿರುವಾಗಲೇ ತರಗತಿ ನಡೆಯುತ್ತಿತ್ತು. ಕಾರ್ಖಾನೆಯಿಂದ ನೇರವಾಗಿ ಬರುತ್ತಿದ್ದ ಹೆಂಗಸರ ಕೈಬೆರಳುಗಳು ಜೀನ್ಸಿನ ಬಣ್ಣಕ್ಕೆ ನೀಲಿಯಾಗಿರುತ್ತಿದ್ದವು, ಸ್ಲೇಟು ಒರೆಸಿದರೆ ಸೆರಗಿಗೂ ನೀಲಿ ಹತ್ತುತ್ತಿತ್ತು. ಅಕ್ಕ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಅಕ್ಷರಮಾಲೆಯನ್ನು ಮೊದಲ ವಾರದಲ್ಲೇ ಹಾಡಿನಂತೆ ಒಪ್ಪಿಸಿದಳು. ಆದರೆ ನಡುವಿನ ಒಂದು ಅಕ್ಷರಕ್ಕೆ ಬೆರಳಿಟ್ಟು ಇದು ಯಾವುದು ಎಂದರೆ ಮೊದಲಿನಿಂದ ಹಾಡಿಕೊಂಡು ಅಲ್ಲಿಗೆ ಬರಬೇಕಿತ್ತು. ಬರಬರುತ್ತ ಸರಿಹೋಗುತ್ತದೆ ಎಂದುಕೊಂಡೆ. ಮಿಕ್ಕವರು ಬಹಳ ತಿಣುಕಿ, ಒಂದು ಮಾತಿಗೆ ಎರಡು ಸಲ ಉಸಿರು ಬಿಟ್ಟು ಓದುತ್ತಿದ್ದರು. ಪಾಠಕ್ಕೆ ಬಂದಾಗ ಅಕ್ಕ ಮಾತ್ರ ಸರಾಗ. ಅಕ್ಷರ ಕೇಳಿದರೆ ನಿಲ್ಲುತ್ತಾಳೆ, ಪಾಠ ಕೇಳಿದರೆ ಹರಿಯುತ್ತಾಳೆ. ಇದು ಹೇಗೆ ಎಂದು ನನಗೆ ಅನ್ನಿಸಬೇಕಿತ್ತು.

ನನ್ನ ವಾರಗಿತ್ತಿ ನಾಲ್ಕನೆಯ ತರಗತಿವರೆಗೆ ಓದಿದವಳು. ತರಗತಿಗೆ ಬರುತ್ತಿರಲಿಲ್ಲ, ಆದರೆ ಶಾಲೆಯ ಮುಂದಿನ ನಲ್ಲಿಗೆ ಅದೇ ಹೊತ್ತಿಗೆ ಕೊಡ ತರುತ್ತಿದ್ದಳು. ಅಕ್ಕ ಅಕ್ಷರಕ್ಕೆ ನಿಂತಾಗಲೆಲ್ಲ ಅವಳ ಕೊಡ ತುಂಬುವುದು ತಡವಾಗುತ್ತಿತ್ತು.

"ಏನ್ರೀ ಟೀಚರಮ್ಮಾ" ಎನ್ನುತ್ತಿದ್ದಳು. ನನಗಿಂತ ದೊಡ್ಡವಳು, ಏಕವಚನದಲ್ಲಿ ಕರೆಯಬೇಕಾದವಳು, ಚುಚ್ಚಲಿಕ್ಕೆಂದೇ ಬಹುವಚನ. "ಓಣಿಗೆಲ್ಲ ಅಕ್ಷರ ಬಂತ್ರಿ, ನಿಮ್ಮಕ್ಕಗ ಯಾಕ ಇನ್ನೂ ಬರವಲ್ದು? ಅಕ್ಕಗ ಬ್ಯಾರೆ ಫೀಜು ಇಟ್ಟೀರೇನ್ರಿ?"

ಹೆಂಗಸರು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ನನಗೆ ಮಾತ್ರ ಮುಖ ಬಿಸಿಯಾಗುತ್ತಿತ್ತು.

ಒಂದು ಭಾನುವಾರ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. "ನಿನ್ನೆ ಪಾಠ ಓದ್ತೀನಿ, ಕೇಳು" ಎಂದು ಅವಳು ಪುಸ್ತಕ ತಂದಳು. ನಿನ್ನೆಯ ಪಾಠ ಕೋಳಿ ಮತ್ತು ಅದರ ಮರಿಗಳದ್ದು. ಸಾಲಿನ ಕೆಳಗೆ ಬೆರಳಾಡಿಸುತ್ತ ಓದಿದಳು, ಎಲ್ಲಿಯೂ ತಡೆಯಲಿಲ್ಲ. ನನಗೆ ಸಂತೋಷವಾಗಿ ಬಗ್ಗಿ ನೋಡಿದೆ. ಅವಳ ತೊಡೆಯ ಮೇಲೆ ತೆರೆದಿದ್ದದ್ದು ಕೋಳಿಯ ಪಾಠವಲ್ಲ. ಊಟಕ್ಕೆ ಮೊದಲು ಕೈ ತೊಳೆಯಬೇಕು ಅನ್ನುವ, ನಾನಿನ್ನೂ ಹೇಳಿಕೊಡದಿದ್ದ ಬೇರೊಂದು ಪಾಠ. ಬೆರಳು ಪುಟದ ಕೊನೆಗೆ ಬಂದಿತ್ತು, ಕೋಳಿಯ ಕತೆಯಲ್ಲಿ ಇನ್ನೂ ಒಂದೆರಡು ಮಾತು ಉಳಿದಿದ್ದವು. ಅಕ್ಕ ಬೆರಳನ್ನು ಕೊನೆಯ ಸಾಲಿನ ತುದಿಯಲ್ಲಿ ನಿಲ್ಲಿಸಿ, ಹಿಂದೆ ಬಿದ್ದ ಮಗುವಿಗೆ ಕಾಯುವವರಂತೆ ಕಾದು, ಮಾತು ಮುಗಿದ ಮೇಲೆ ಪುಸ್ತಕ ಮುಚ್ಚಿದಳು.

"ಎಂಗೆ?" ಅಂದಳು.

ಅವಳ ಮುಖದಲ್ಲಿ ಕಳ್ಳತನವಿರಲಿಲ್ಲ. ಆ ಕ್ಷಣದಲ್ಲೇ ನನಗೆ ಅದು ಅರ್ಥವಾಯಿತು. ಅವಳು ನನಗೆ ಮೋಸ ಮಾಡುತ್ತಿರಲಿಲ್ಲ. ಓದುವುದೆಂದರೆ ಇದೇ ಎಂದು ತಿಳಿದಿದ್ದಳು. ಗುಡಿಯಲ್ಲಿ ಓದುವವರನ್ನು ವರ್ಷ ವರ್ಷ ನೋಡಿದ್ದಳು: ಕಣ್ಣು ಪುಟದ ಮೇಲೆ, ಬೆರಳು ಸಾಲಿನ ಮೇಲೆ, ಬಾಯಲ್ಲಿ ಎಂದೋ ಕೇಳಿದ ಪುರಾಣ. ಮೊದಲು ಕೇಳುವುದು, ಮನಸ್ಸಿನಲ್ಲಿ ಇಟ್ಟುಕೊಳ್ಳುವುದು, ಪುಸ್ತಕ ಮುಂದಿಟ್ಟುಕೊಂಡು ಭಕ್ತಿಯಿಂದ ಹೊರಗೆ ತರುವುದು. ಅಕ್ಷರಗಳು ಅವಳಿಗೆ ರಂಗೋಲಿಯ ಚುಕ್ಕಿಗಳಂತೆ ಇದ್ದವು, ಇರಬೇಕಾದ್ದರಿಂದ ಇದ್ದವು.

ಆವತ್ತು ನಾನು ಪುಸ್ತಕ ತೆಗೆದುಕೊಂಡು, "ಅಕ್ಕ, ಇದು ಆ ಪಾಠ ಅಲ್ಲ, ಮೊದಲಿಂದ ಕೂರೋಣ" ಅನ್ನಬೇಕಿತ್ತು. ಅನ್ನಲಿಕ್ಕೆ ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ವಾರಗಿತ್ತಿ ಎದುರುಮನೆಯಿಂದ ಹೊರಗೆ ಬಂದಳು.

"ಅಬ್ಬಬ್ಬಾ, ನಿಮ್ಮಕ್ಕ ಭಾರೀ ಓದಾಕತ್ಯಾಳಲ್ರೀ! ನಿಮಗಿಂತ ಜೋರು ಅದಾಳ."

"ಹೌದ್ರಿ" ಅಂದೆ. "ಚೆನ್ನಾಗಿ ಓದ್ತಾಳ್ರಿ."

ಅಕ್ಕ ಪುಸ್ತಕವನ್ನು ಎದೆಗೆ ಹಿಡಿದುಕೊಂಡು ನಕ್ಕಳು. ಅದಾದ ಮೇಲೆ ನಿಜ ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಕಷ್ಟವಾಯಿತು ಅನ್ನುವುದೂ ಒಂದು ನೆಪವೇ. ನಾನು ಹೇಳಲಿಲ್ಲ, ಅಷ್ಟೇ.

ಆಷಾಢ ಮುಗಿಯುವ ಹೊತ್ತಿಗೆ ಪರೀಕ್ಷೆ ಬಂತು. ಮೇಡಂ ನನ್ನ ಕೈಗೆ ಮೂರು ಕಾರ್ಡು ಕೊಟ್ಟು ಹೇಗೆ ನೋಡಬೇಕೆಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು. ದೊಡ್ಡ ಕಾರ್ಡಿನಲ್ಲಿ ಒಂದು ಸಣ್ಣ ಕತೆ. ಮೊದಲು ಅದನ್ನು ಕೊಡಬೇಕು. ಓದಿದರೆ, ಓದಿದ್ದೇನೆಂದು ಕೇಳಿದಾಗ ಹೇಳಿದರೆ, ಅವರಿಗೆ ಬೇರೆ ಕಾರ್ಡು ಬೇಡ, ಪಾಸು. ಓದದಿದ್ದರೆ ಬಿಡಿ ಮಾತುಗಳ ಕಾರ್ಡು. ಅದೂ ಬಾರದಿದ್ದರೆ ಹಿಂದುಮುಂದಾಗಿ ಬರೆದ ಅಕ್ಷರಗಳ ಕಾರ್ಡು. ಎಲ್ಲಿ ನಿಲ್ಲುತ್ತಾರೋ ಅದೇ ಅವರಿರುವ ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ನಿಂತರೆ ನಾಚಿಕೆಯಿಲ್ಲ, ಅವರಿಗೆ ಮತ್ತೆ ಅಲ್ಲಿಂದಲೇ ಹೇಳಿಕೊಡುತ್ತೇವೆ. ಬಾಯಿ ನೋಡಬೇಡ, ಕಣ್ಣು ನೋಡು. ಕೊನೆಗೆ ಇನ್ನೊಂದು ಮಾತು ಹೇಳಿದರು. ಕಾರ್ಡನ್ನು ಮುಂಚೆ ಯಾರಿಗೂ ತೋರಿಸಬಾರದು, ಗೊತ್ತಿರುವುದನ್ನು ಹೇಳುವುದು ಓದಲ್ಲ.

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ನನಗೆ ಗೊತ್ತಾಗಲಿಲ್ಲ ಅನ್ನುವ ದಾರಿಯೂ ನನಗಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಮೊರದ ಮುಂದೆ ಕಡಲೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ. ಸೊಂಟದಿಂದ ದೊಡ್ಡ ಕಾರ್ಡು ತೆಗೆದು, "ಒಂದು ಕತೆ ಓದ್ತೀನಿ, ಕೇಳಕ್ಕ" ಅಂದೆ.

"ನಾಳೇದಾ?"

"ಅಲ್ಲ, ಸುಮ್ನೆ. ಚೆನ್ನಾಗೈತೆ."

ಒಬ್ಬಾಕೆ ಹಿತ್ತಲಲ್ಲಿ ನುಗ್ಗೆಮರ ನೆಟ್ಟು, ಅದರ ಸೊಪ್ಪು ಕಾಯಿಗಳನ್ನು ಓಣಿಗೆಲ್ಲ ಹಂಚಿದ ಕತೆ ಅದು. ಓದಿದೆ. ಅಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಸಲ ಓದಲಾ ಎಂದಾಗ, "ಯಾಕೆ, ಕೇಳಿಸ್ತಲ್ಲ" ಅಂದಳು.

ಮರುದಿನ ಜಗುಲಿಯಲ್ಲಿ ಅವಳ ಸರದಿ ಬಂದಾಗ ಕಾರ್ಡು ಕೊಟ್ಟೆ. ಅವಳು ಅದನ್ನು ನೋಡಿ, ನನ್ನನ್ನು ನೋಡಿದಳು. ಯಾವ ಪಾಠ ಎಂದು ಅವಳ ಕಣ್ಣು ಕೇಳುತ್ತಿತ್ತು. "ನುಗ್ಗೆಮರದ್ದು ಅಕ್ಕ" ಅಂದೆ, ಮೆಲ್ಲಗೆ, ಸಹಜವಾಗಿ ಹೆಸರು ಹೇಳುವಂತೆ. ಅವಳು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಶುರುಮಾಡಿದಳು. ಆ ತೆಲುಗನ್ನು ಅಷ್ಟು ಚೆನ್ನಾಗಿ ನಾನೂ ಓದಿರಲಿಲ್ಲ. ಮೇಡಂ ನಡುವೆ ಬಂದು ಕೂತರು. ಆಕೆ ಕಾಯಿಗಳನ್ನು ಏನು ಮಾಡಿದಳು ಎಂದು ತೆಲುಗಿನಲ್ಲಿ ಕೇಳಿದರು. ಓಣಿಗೆಲ್ಲ ಹಂಚಿದಳು ಎಂದು ಅಕ್ಕ ತೆಲುಗಿನಲ್ಲೇ ಹೇಳಿ, ಆಮೇಲೆ ತಡೆಯಲಾರದೆ ಕನ್ನಡಕ್ಕೆ ಇಳಿದಳು.

"ಆದ್ರೆ ಮೇಡಂ, ಹಂಗೆಲ್ಲಾ ಹಂಚ್ಬಾರ್ದು. ನಮ್ಮನೆ ನುಗ್ಗೆಮರದಾಗೆ ನಂಗೇ ಒಂದು ಕಾಯಿ ಸಿಗಲ್ಲ. ಪಕ್ಕದೋರು ಕಾಯಿ ಕೇಳಾಕೆ ಬಂದು ಕೊಂಬೇನೇ ಮುರ್ಕಂಡು ಹೋಗ್ತಾರೆ."

ಜಗುಲಿಯೆಲ್ಲ ನಕ್ಕಿತು. ಮೇಡಂಗೆ ಯಾರೋ ಅದನ್ನು ತೆಲುಗಿನಲ್ಲಿ ಹೇಳಿದ ಮೇಲೆ ಅವರೂ ನಕ್ಕು, "ಬಾಗ ಚದಿವಾವಮ್ಮಾ" ಎಂದರು, ಚೆನ್ನಾಗಿ ಓದಿದೆ ಎಂದು. ಆದರೂ ಅವರು ಕಾರ್ಡನ್ನು ಒಮ್ಮೆ, ಅಕ್ಕನ ಕಣ್ಣನ್ನು ಒಮ್ಮೆ ನೋಡಿದ್ದು ನನಗೆ ಕಾಣಿಸಿತು. ನನ್ನ ಕಡೆ ಬಾಗಿ, ಅಕ್ಷರದ ಕಾರ್ಡನ್ನೂ ಒಮ್ಮೆ ತೋರಿಸೋಣವೇ ಎಂದು ಕೇಳಿದರು.

ತೋರಿಸಿ ಅಂದಿದ್ದರೆ ಅಕ್ಕನಿಗೆ ಮತ್ತೆ ಮೊದಲಿನಿಂದ ಪಾಠ ಸಿಗುತ್ತಿತ್ತು. ನಲ್ಲಿಯ ಹತ್ತಿರ ವಾರಗಿತ್ತಿ ಕೊಡ ಹಿಡಿದು ನಿಂತಿದ್ದಳು. "ಯಾಕ್ರೀ ಮೇಡಂ, ದೊಡ್ಡದೇ ಓದಿದಳಲ್ಲ" ಎಂದು ತೆಲುಗಿನಲ್ಲಿ ಅಂದೆ. ಅಕ್ಕನ ಹೆಸರಿನ ಮುಂದೆ ಪಾಸು ಬಿತ್ತು. ಪಾಸಾದವರಿಗೆ ತರಗತಿ ಅಲ್ಲಿಗೆ ಮುಗಿಯಿತು. ಆರು ಜನ ಹೆಂಗಸರು ಕೆಳಗಿನ ಮೆಟ್ಟಿಲಲ್ಲಿ ನಿಂತರು, ಮತ್ತೆ ಅಕ್ಷರದಿಂದ ಕಲಿತರು. ಅವರಲ್ಲಿ ಇಬ್ಬರು ಇವತ್ತು ದಿನಪತ್ರಿಕೆ ಓದುತ್ತಾರೆ.

ಶ್ರಾವಣದ ಮೊದಲ ಸೋಮವಾರ ಅಕ್ಕ ತಲೆಗೆ ಎರೆದುಕೊಂಡು, ಮಗಳ ಮದುವೆಯಲ್ಲಿ ಉಟ್ಟಿದ್ದ ಹಸಿರು ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಗುಡಿಗೆ ಬಂದಳು. ನನ್ನ ಪಕ್ಕದಲ್ಲೇ ಕೂತಳು. ಪುಸ್ತಕ ಕೈಯಿಂದ ಕೈಗೆ ಬಂತು. ಅವಳ ಹಿಂದಿನಾಕೆ ತನ್ನ ಪುಟ ಮುಗಿಸಿ, ರೂಢಿಯಂತೆ ಅಕ್ಕನನ್ನು ದಾಟಿಸಿ ನನಗೆ ಕೊಡಲು ಕೈ ಚಾಚಿದಳು.

"ತಗಂಬಾ ಇಲ್ಲಿ" ಎಂದಳು ಅಕ್ಕ. "ನಂಗೂ ಓದು ಬತ್ತೈತೆ ಈಗ."

"ಬರ್ರಿ, ಓದ್ರಿ ಓದ್ರಿ" ಎಂದು ಎಲ್ಲರೂ ಹುರುಪಿನಿಂದ ಜಾಗ ಮಾಡಿಕೊಟ್ಟರು. ವಯಸ್ಸಾದ ಅಮ್ಮನವರೊಬ್ಬರು ದೀಪವನ್ನು ಅವಳ ಕಡೆ ಸರಿಸಿದರು. ಅಕ್ಕ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿಟ್ಟು, ಓದಿದಳು. ಹೋದ ವರ್ಷ ಕೊನೆಯ ಸೋಮವಾರ ಕೇಳಿದ್ದ ಕೈಲಾಸದ ವರ್ಣನೆ ಅದು. ಒಂದು ಮಾತು ತಪ್ಪಿಲ್ಲ. ಧ್ವನಿ ಗುಡಿಯ ತುಂಬ ನಿಂತಿತು. ಆದರೆ ಹಿಂದಿನಾಕೆ ನಿಲ್ಲಿಸಿದ್ದು ಪುರಾಣದ ಶುರುವಿನಲ್ಲಿ, ದಾರಿತಪ್ಪಿದ ಒಬ್ಬ ವ್ಯಾಪಾರಿಯ ಕತೆಯ ನಡುವೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆ ಅಮ್ಮನವರು ಬಗ್ಗಿ, "ಅದು ಮುಂದ ಬರ್ತೈತ್ರಿ. ಇಲ್ಲಿಂದ ಓದ್ರಿ" ಎಂದು ಅವಳ ಬೆರಳನ್ನು ಹಿಡಿದು ಸರಿಯಾದ ಸಾಲಿನ ಮೇಲಿಟ್ಟರು. ಅಕ್ಕ ತಲೆಯಾಡಿಸಿ ಅಲ್ಲಿಂದ ಓದಿದಳು. ಮತ್ತೆ ಕೈಲಾಸವೇ ಬಂತು. ಯಾರೋ ಕಿಸಕ್ಕನೆ ನಕ್ಕರು. ವಾರಗಿತ್ತಿಯಲ್ಲ, ಅವಳು ನಗಲಿಲ್ಲ, ತಲೆ ತಗ್ಗಿಸಿಕೊಂಡಿದ್ದಳು. ಅದು ನನಗೆ ಇನ್ನೂ ಹೆಚ್ಚು ಚುಚ್ಚಿತು.

ಅಕ್ಕ ನನ್ನ ಕಡೆ ತಿರುಗಿದಳು. "ನೀನೇ ಹೇಳೇ ಇವ್ರಿಗೆ. ನಾನು ಸರಿಯಾಗಿ ಓದ್ತಿದೀನಿ ಅಲ್ವಾ?"

ತನ್ನ ಟೀಚರನ್ನು ಸಾಕ್ಷಿಗೆ ಕರೆದಳು. ನಾನು ಮಾಡಿದ್ದಿಷ್ಟೇ. ಅವಳ ತೊಡೆಯ ಮೇಲಿನ ಪುಸ್ತಕವನ್ನು ತೆಗೆದುಕೊಂಡು, ಅವಳ ಪಾಲಿನ ಪುಟವನ್ನು, ಆ ವ್ಯಾಪಾರಿಯ ಕತೆಯನ್ನು, ಬಿಟ್ಟ ಸಾಲಿನಿಂದ ಕೊನೆಯವರೆಗೆ ನಾನು ಓದಿದೆ. ಓದಿ ಮುಂದಿನವರಿಗೆ ಕೊಟ್ಟೆ. ಅಕ್ಕನ ಬೆರಳು ತೊಡೆಯ ಮೇಲೆ, ಪುಸ್ತಕವಿದ್ದ ಜಾಗದಲ್ಲೇ ಇತ್ತು.

ಮನೆಗೆ ಹೊರಟೆವು. ಓಣಿಯ ತಿರುವಿನಲ್ಲಿ, ಕಾರ್ಖಾನೆಯ ಗೋಡೆಯ ಹತ್ತಿರ ಬಂದಾಗ ಅಕ್ಕ ನಿಂತಳು.

"ನೀನು ಓದಿದ್ಯಲ್ಲ, ಆ ವ್ಯಾಪಾರಿ ಕತೆ. ಅದನ್ನ ನಾನು ಯಾವತ್ತೂ ಕೇಳಿರ್ಲಿಲ್ಲ. ಮೊದ್ಲ ಸೋಮವಾರ ಬರಾಕೆ ನಂಗೆ ಕೆಲಸದಿಂದ ಆಗ್ತಿರ್ಲಿಲ್ವಲ್ಲ."

"ಹೂಂ."

"ನೀನು ಕೇಳಿದ್ದಾ?"

"ಇಲ್ಲಕ್ಕ."

"ಕೇಳದೇ ಇರೋದ್ನೂ ಓದ್ಬೋದಾ?"

 ಅವಳು ಗೋಡೆಯ ಮೇಲೆ ತೆಲುಗಿನಲ್ಲಿ ಬರೆದದ್ದನ್ನು ನೋಡುತ್ತ ನಿಂತಳು. ಎಷ್ಟೋ ವರ್ಷ ಅದರ ಪಕ್ಕದಲ್ಲೇ ಕೆಲಸಕ್ಕೆ ಹೋಗಿ ಬಂದಿದ್ದಳು. ಆಮೇಲೆ ಕೇಳಿದಳು: "ನಂಗೆ ಬರಲ್ಲ ಅಂತ ನಿಂಗೆ ಗೊತ್ತಿತ್ತೇನೇ?"

"ಇಲ್ಲಕ್ಕ. ನಂಗೂ ಇವತ್ತೇ ಗೊತ್ತಾಗಿದ್ದು."

ಅವಳು "ಹೂಂ" ಎಂದು ಮುಂದೆ ನಡೆದಳು. ದೀಪಾವಳಿಗೆ ಮೊದಲು ಮಗಳ ಹೆರಿಗೆಗೆಂದು ಊರಿಗೆ ಹೋದವಳು ಮತ್ತೆ ಬರಲಿಲ್ಲ. ಮೊಮ್ಮಗಳನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದು ಓಣಿಯವರು ಹೇಳಿದರು. ನಾನೂ ಹಾಗೇ ಹೇಳಿದೆ.

ಆ ಮೊಮ್ಮಗಳು ಈಗ ನಮ್ಮೂರ ಶಾಲೆಯಲ್ಲೇ ಮೂರನೆಯ ತರಗತಿಯಲ್ಲಿದ್ದಾಳೆ. ಈ ಸಲ ಬೇಸಿಗೆಗೆ ಮುಂಚೆ, ಬಸ್ಸು ಬದಲಿಸಿ ಮಡಕಶಿರಾಕ್ಕೆ ಹೋಗಿ, ಅಗಳಿಯಿಂದ ಆಟೋ ಹಿಡಿದು ಅಕ್ಕನನ್ನು ನೋಡಲು ಹೋಗಿದ್ದೆ. ಮಧ್ಯಾಹ್ನ ಇಳಿದಿತ್ತು. ಅಕ್ಕ ಪಡಸಾಲೆಯಲ್ಲಿ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದಳು, ಮೊಮ್ಮಗಳು ಪಕ್ಕದಲ್ಲಿ ಕನ್ನಡ ಪುಸ್ತಕ ಹಿಡಿದು ಅಳುಮುಖ ಮಾಡಿಕೊಂಡಿದ್ದಳು.

"ನೋಡು ಚಿಕ್ಕಜ್ಜಿ, ನಾನು ಓದಿದ್ರೂ ಅಜ್ಜಿ ನಂಬಲ್ಲ."

"ಗಡಗಡ ಅಂತಾಳೆ. ಕೇಳಿದ್ದನ್ನ ಹೇಳ್ತಾಳೆ, ಅಷ್ಟೇ" ಎಂದಳು ಅಕ್ಕ. ಕೈಯಲ್ಲಿದ್ದ ಕುಡುಗೋಲು ಕೆಳಗಿಟ್ಟು, ಪುಸ್ತಕ ಕಿತ್ತುಕೊಂಡು, ಎಲ್ಲೋ ನಡುವೆ ಬಿಡಿಸಿ, ಚಿತ್ರವಿದ್ದ ಕಡೆ ಅಂಗೈ ಮುಚ್ಚಿ, "ಇಲ್ಲಿಂದ" ಅಂದಳು. ಮಗು ಓದಿತು. ಅಕ್ಕ ಮತ್ತೊಂದು ಪುಟ ಬಿಡಿಸಿದಳು. ಮಗು ಅದನ್ನೂ ಓದಿತು. ಅಕ್ಕನ ಮುಖ ಸಡಿಲವಾಗಲಿಲ್ಲ. ಮೇಷ್ಟ್ರು ಎಲ್ಲಾ ಪಾಠ ಹೇಳಿಕೊಟ್ಟಿರುತ್ತಾರೆ, ಎಲ್ಲಾ ಬಾಯಿಪಾಠವಾಗಿರುತ್ತದೆ ಎಂದಳು.

"ಓದ್ತಾಳಕ್ಕ" ಅಂದೆ ನಾನು. "ಸರಿಯಾಗೇ ಓದ್ತಿದಾಳೆ."

"ನೀನು ಹೇಳ್ಬೇಡ" ಅಂದಳು. ಕೋಪದಿಂದಲ್ಲ, ಸೊಪ್ಪಿನ ಕಡ್ಡಿ ಆರಿಸಿ ಎಸೆಯುವಷ್ಟು ಸುಲಭವಾಗಿ. "ನೀನು ನಂಗೂ ಹಂಗೇ ಹೇಳಿದ್ದೆ."

ಅವಳಿಗೆ ಗೊತ್ತಿತ್ತು. ಕಾರ್ಖಾನೆಯ ಗೋಡೆಯ ಹತ್ತಿರವೇ ಗೊತ್ತಾಗಿತ್ತೋ, ಆಮೇಲೆ ಇಲ್ಲಿ ಸೊಪ್ಪು ಹೆಚ್ಚುತ್ತ ಕೂತಾಗ ನುಗ್ಗೆಮರದ ಸಂಜೆ ನೆನಪಾಗಿ ತಿಳಿಯಿತೋ, ನನಗೆ ತಿಳಿಯದು. ಒಮ್ಮೆ ಕೇಳಿದ್ದನ್ನು ಮರೆಯದವಳು ಒಂದೊಂದೇ ಮಾತು ಹೊರಗೆ ತೆಗೆದು ನೋಡಿರಬೇಕು. ಇಷ್ಟು ವರ್ಷ ನಾನು ಹಬ್ಬಕ್ಕೆ ಬಂದು, ಊಟ ಮಾಡಿ, ಹೋಗುತ್ತಿದ್ದೆ. ಒಂದು ಸಲವೂ ಅವಳು ಆ ಮಾತು ಎತ್ತಿರಲಿಲ್ಲ.

ಮಗು ಮೂಗೆಳೆಯುತ್ತಿತ್ತು. ಅಕ್ಕ ಸ್ಲೇಟನ್ನೂ ಬಳಪವನ್ನೂ ನನ್ನ ಮುಂದೆ ತಳ್ಳಿದಳು. "ಬರಿ. ಪುಸ್ತಕದಾಗೆ ಇರ್ಬಾರ್ದು. ಅವಳಿಗೆ ಯಾರೂ ಹೇಳಿರ್ಬಾರ್ದು. ಅಂಥದ್ದು ಬರಿ. ಓದ್ಲಿ, ನೋಡ್ತೀನಿ."

ಬಳಪ ಹಿಡಿದು ಕೂತೆ. ಮೇಕೆಯ ಬಗ್ಗೆ ಬರೆಯಬಹುದಿತ್ತು, ಮಳೆಯ ಬಗ್ಗೆ ಬರೆಯಬಹುದಿತ್ತು. ಮೇಕೆ ಎಂದು ಬರೆದೂ ಬರೆದೆ, ಅಂಗೈಯಿಂದ ಒರೆಸಿದೆ. ಆಮೇಲೆ ದೊಡ್ಡ ಅಕ್ಷರಗಳಲ್ಲಿ ಎರಡು ಸಾಲು ಬರೆದು ಮಗುವಿನ ಕೈಗೆ ಕೊಟ್ಟೆ. ಅಕ್ಕ ಸ್ಲೇಟನ್ನು ನೋಡಲಿಲ್ಲ, ಮಗುವಿನ ಕಣ್ಣನ್ನೇ ನೋಡುತ್ತಿದ್ದಳು.

ಮಗು ಈ ಸಲ ಗಡಗಡ ಓದಲಿಲ್ಲ. ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ನಿಂತು, ಹಿಂದಕ್ಕೆ ಹೋಗಿ ಮತ್ತೆ ಬಂದು ಓದಿತು.

"ಅಜ್ಜಿಗೆ... ಓದು... ಬಂದಿ... ಬಂದಿರಲಿಲ್ಲ. ಅದು ನನಗೆ... ಮೊದ... ಮೊದಲೇ ಗೊತ್... ಗೊತ್ತಿತ್ತು."

ಓದಿ ಮುಗಿಸಿ ತಲೆಯೆತ್ತಿ, "ಯಾರಿಗೆ ಗೊತ್ತಿತ್ತು ಚಿಕ್ಕಜ್ಜಿ? ನಿಂಗಾ?" ಎಂದು ಕೇಳಿತು.

ಸ್ಲೇಟಿನ ಮೇಲೆ ಬರೆದು ಮಗುವಿನ ಬಾಯಲ್ಲಿ ಹೇಳಿಸಿ ತಪ್ಪಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಅದೂ ಆಗಲಿಲ್ಲ.

"ಹೂಂ" ಅಂದೆ. "ನಂಗೆ."

 ಒಳಗೆ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು. ಅಕ್ಕ ಮೊಮ್ಮಗಳ ತಲೆ ಸವರಿ, "ಇದು ನಂಗೆ ಗೊತ್ತಿತ್ತು, ಇವಳಿಗೆ ಗೊತ್ತಿರ್ಲಿಲ್ಲ" ಎಂದಳು. "ಓದ್ತಾಳೆ."

ನಾನು ಸ್ಲೇಟು ಒರೆಸಲು ಕೈ ಚಾಚಿದೆ. ಅಕ್ಕ ಅದನ್ನು ತನ್ನ ಕಡೆ ಎಳೆದುಕೊಂಡಳು. ಸೊಪ್ಪಿನ ಹಸಿರು ಹತ್ತಿದ ಬೆರಳನ್ನು ಮೊದಲ ಸಾಲಿನ ಕೆಳಗಿಟ್ಟು, ಬಾಯಿ ಮುಚ್ಚಿಕೊಂಡು, ತುದಿಯವರೆಗೆ ಎಳೆದು, ಮತ್ತೆ ಶುರುವಿಗೆ ತಂದು ನಿಲ್ಲಿಸಿದಳು.

"ಇದ್ರಾಗೆ ಅಜ್ಜಿ ಅಂತ ಎಲ್ಲೈತೆ?" ಎಂದು ಕೇಳಿದಳು. ಮೊಮ್ಮಗಳನ್ನು ಕೇಳಿದಳು, ನನ್ನನ್ನಲ್ಲ.